ಉಸಿರಿನ ಕಿರುದಾರಿಗಳು

1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ, ರಕ್ತ ದೇಹದಲ್ಲಿ ಸುತ್ತುತ್ತಿರುತ್ತದೆಂದು ತೋರಿಸಿದ. ಆದರೆ ಅಪಧಮನಿಯಿಂದ ಅಭಿಧಮನಿಗೆ ಅದು ದಾಟುವ ದಾರಿ ಅವನಿಗೆ ಕಂಡಿರಲಿಲ್ಲ. 1661ರಲ್ಲಿ ಇಟಲಿಯ ಮಾರ್ಸೆಲ್ಲೊ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಆ ದಾರಿಯನ್ನು ಕಂಡುಹಿಡಿದ. ಅವೇ ಲೋಮನಾಳಗಳು. ಗಾಳಿಗೂಡುಗಳನ್ನು ಬಲೆಯಂತೆ ಸುತ್ತಿರುವ ಇವುಗಳಲ್ಲೇ ರಕ್ತಕ್ಕೆ ಆಮ್ಲಜನಕ ಸೇರುತ್ತದೆ.

1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ತೀವ್ರ ನ್ಯುಮೋನಿಯಾಕ್ಕೆ ತುತ್ತಾದ ಅನೇಕರ ಮುಖ ನೀಲಿಗಟ್ಟಿತು. ರಕ್ತಕ್ಕೆ ಆಮ್ಲಜನಕ ಸಾಲದಾದುದರ ಗುರುತು ಅದು. ಶವಪರೀಕ್ಷೆಯಲ್ಲಿ ಗಾಳಿಗೂಡುಗಳಲ್ಲಿ ದ್ರವ, ರಕ್ತ ತುಂಬಿದ್ದುದು ಕಂಡಿತು.

ಆದರೆ ಗಾಳಿಗೂಡು ತುಂಬುವುದಷ್ಟೇ ಅಪಾಯವೇ? ಗಾಳಿ ಒಳಬಂದರೂ, ಸುತ್ತಲ ಲೋಮನಾಳ ಕಟ್ಟಿಕೊಂಡಿದ್ದರೆ ಆಮ್ಲಜನಕ ರಕ್ತಕ್ಕೆ ಸೇರದು. 2020ರಲ್ಲಿ ಮ್ಯಾಕ್ಸಿಮಿಲಿಯನ್ ಅಕರ್‌ಮನ್ ಮತ್ತು ಸಂಗಡಿಗರು ಕೋವಿಡ್‌ನಿಂದ ಮೃತರಾದ 7 ಮಂದಿಯ ಶ್ವಾಸಕೋಶಗಳನ್ನು, 2009ರ ಎಚ್‌1ಎನ್‌1 ಇನ್‌ಫ್ಲುಯೆಂಜಾದಿಂದ ಮೃತರಾದ 7 ಮಂದಿಯ, ಕಾದಿರಿಸಿದ್ದ ಶ್ವಾಸಕೋಶಗಳೊಡನೆ ಹೋಲಿಸಿದರು. ಗಾಳಿಗೂಡುಗಳ ಹಾನಿ ಎರಡರಲ್ಲೂ ಇತ್ತು. ಕೋವಿಡ್‌ನಲ್ಲಿ ರಕ್ತನಾಳಗಳ ಒಳಪದರ ತೀವ್ರವಾಗಿ ಘಾಸಿಗೊಂಡಿತ್ತು. ಲೋಮನಾಳಗಳಲ್ಲಿ ಸೂಕ್ಷ್ಮ ರಕ್ತಹೆಪ್ಪುಗಳು 9 ಪಟ್ಟು, ಹೊಸ ನಾಳಗಳ ಬೆಳವಣಿಗೆ 2.7 ಪಟ್ಟು ಹೆಚ್ಚಿತ್ತು.

ಹಾಗಾದರೆ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಸಾಕಲ್ಲವೇ? 2021ರಲ್ಲಿ ಪ್ರಕಟವಾದ ಪ್ರಯೋಗಗಳ ಉತ್ತರ ಎರಡು ಬಗೆಯದು. ಆಸ್ಪತ್ರೆ ಸೇರಿದ್ದರೂ ಸ್ಥಿತಿ ಅಷ್ಟು ಗಂಭೀರವಾಗಿರದ ಕೋವಿಡ್ ರೋಗಿಗಳಿಗೆ ಹೆಚ್ಚಿನ ಪ್ರಮಾಣದ ಹೆಪಾರಿನ್ ನೆರವಾಯಿತು. ತೀವ್ರ ಸ್ಥಿತಿ ತಲುಪಿದವರಿಗೆ ಆಗಲಿಲ್ಲ. ಕಾರಣ ಕಂಡಮಾತ್ರಕ್ಕೆ ಚಿಕಿತ್ಸೆ ಕೈಗೂಡದು. ಯಾರಿಗೆ, ಯಾವ ಹಂತದಲ್ಲಿ ಎಂಬುದನ್ನು ಪ್ರಯೋಗವೇ ಹೇಳಬೇಕು.