ಎರಡಾಣೆಯ ಪಿಗ್ಮಿಯೂ ಎರಡೂಕಾಲು ಶೇಕಡವೂ



ಕಳೆದ ವಾರ ಕಪಾಟನ್ನು ಒಪ್ಪಗೊಳಿಸುತ್ತಿದ್ದಾಗ ನಮ್ಮ ಅಮ್ಮನ ಹಳೆಯ ಪಿಗ್ಮಿ ಪುಸ್ತಕವೊಂದು ಕೈಗೆ ಸಿಕ್ಕಿತು. ರಟ್ಟು ಹರಿದಿದೆ, ಶಾಯಿ ಮಾಸಿದೆ. ಆದರೆ ದಿನದಿನದ ಇಪ್ಪತ್ತೈದು ಪೈಸೆಯ ನಮೂದುಗಳು ಇನ್ನೂ ಓದಲು ಬರುತ್ತವೆ. ಅದರ ನೆಪದಲ್ಲಿ ಉಳಿತಾಯದ ಇತಿಹಾಸವನ್ನೂ, ಗಣಿತದ ಮೇಷ್ಟರಾದ ನಾನು ಲೆಕ್ಕದಲ್ಲಿ ಎಡವಿದ ಪ್ರಸಂಗವನ್ನೂ ಬರೆಯೋಣವೆನಿಸಿತು.

ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ ಮತ್ತು ವಾಮನ ಕುಡ್ವ ಅವರು ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಸಂಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದು, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಈ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಮನೆಬಾಗಿಲಿಗೇ ಬ್ಯಾಂಕಿನ ಪ್ರತಿನಿಧಿ ಹೋಗುತ್ತಿದ್ದನು. ದಿನಕ್ಕೆ ಎರಡಾಣೆಯಿದ್ದರೂ ಸಾಕಾಗಿತ್ತು. ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ! ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ತರಗತಿಯಲ್ಲಿ ಕೊಟ್ಟವನಲ್ಲ.

ನನ್ನ ಬಾಲ್ಯದ ವೇಳೆಗೆ ಆಣೆ ಹೋಗಿ ಪೈಸೆ ಬಂದಿತ್ತು. ಅಮ್ಮ ಅಂಗಳದಲ್ಲಿ ಮಲ್ಲಿಗೆ ಬೆಳೆಸಿ, ಕಟ್ಟಿ, ಕಟ್ಟೆಗೆ ಕಳುಹಿಸುತ್ತಿದ್ದಳು. ಬಂದ ಹಣದಲ್ಲಿ ಮೊದಲ ಇಪ್ಪತ್ತೈದು ಪೈಸೆಯನ್ನು ಪಿಗ್ಮಿಗೆಂದು ತೆಗೆದಿಟ್ಟ ಬಳಿಕವೇ ಉಪ್ಪು, ಮೆಣಸು, ಸೀಮೆಎಣ್ಣೆಯ ಮಾತು. ವರ್ಷಕ್ಕೆ ಅದು ಸುಮಾರು ತೊಂಬತ್ತೊಂದು ರೂಪಾಯಿಯಾಗುತ್ತಿತ್ತು. ನಾನು ಶಿಕ್ಷಕರ ತರಬೇತಿಗೆ ಸೇರಿದ್ದು ಆ ಹಣದಿಂದ. ನಾನು ಮೇಷ್ಟರಾದದ್ದೂ, ನೀವೆಲ್ಲ ನನ್ನ ವಿದ್ಯಾರ್ಥಿಗಳಾದದ್ದೂ ಆ ನಾಲ್ಕಾಣೆಯ ಋಣ.

ಹಾಗಾದರೆ ಮನೆಮನೆಗೆ ನಡೆದು ಬರುತ್ತಿದ್ದ ಆ ಸಂಗ್ರಾಹಕನ ಕೂಲಿಯನ್ನು ಯಾರು ಕೊಡುತ್ತಿದ್ದರು? ಬ್ಯಾಂಕು ಅವನಿಗೆ ಕಮಿಷನ್ ಕೊಡುತ್ತಿತ್ತು. ಆ ವೆಚ್ಚವನ್ನು ಭರಿಸಲೆಂದೇ ಇಂತಹ ಠೇವಣಿಗಳಿಗೆ ಬಡ್ಡಿ ಕಡಿಮೆಯಿರುತ್ತದೆ. ಬೆಲೆಯಿಲ್ಲದ ಸೇವೆ ಲೋಕದಲ್ಲಿಲ್ಲ. ಠೇವಣಿ ಸಂಗ್ರಾಹಕರೂ ಕಾರ್ಮಿಕರೇ, ಅವರ ಕಮಿಷನ್ನೂ ವೇತನವೇ ಎಂಬುದನ್ನು 2001ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಒಪ್ಪಿತು. ಆದುದರಿಂದ ಮಧ್ಯವರ್ತಿಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಭತ್ತ ಕುಟ್ಟಿಸಲು ಗಿರಣಿಗೆ ಹೋದರೆ ಗಿರಣಿಯವನು ತನ್ನ ಕೂಲಿಯನ್ನು ನಮ್ಮ ಕಣ್ಣೆದುರಿಗೇ ಪಡೆಯುತ್ತಾನೆ. ಕಣ್ಣಿಗೆ ಕಾಣುವ ಕೂಲಿಯ ಬಗ್ಗೆ ತಕರಾರಿಲ್ಲ. ಕಾಣದ ಕೂಲಿಯದ್ದೇ ಸಮಸ್ಯೆ.

ಇನ್ನು ನನ್ನ ಕಥೆ. 2007ರಲ್ಲಿ ನಿವೃತ್ತನಾದಾಗ ಕೈಗೆ ಬಂದ ಹಣದಲ್ಲಿ ಎರಡು ಲಕ್ಷ ರೂಪಾಯಿಗಳನ್ನು ಮ್ಯೂಚುವಲ್ ಫಂಡಿನಲ್ಲಿ ತೊಡಗಿಸಿದೆ. ಅರ್ಜಿ ತುಂಬಿಸಿದವನು ನನ್ನದೇ ಹಳೆಯ ವಿದ್ಯಾರ್ಥಿ, ಒಳ್ಳೆಯ ಹುಡುಗ. ತಿಂಗಳ ಬಳಿಕ ಬಂದ ವಿವರಪಟ್ಟಿಯನ್ನು ಹಿಡಿದು, ಹಳೆಯ ಅಭ್ಯಾಸದಂತೆ, ಯೂನಿಟ್ಟುಗಳನ್ನು ಅಂದಿನ ನಿವ್ವಳ ಮೌಲ್ಯದಿಂದ ಗುಣಿಸಿದೆ. ಉತ್ತರ 1,95,500 ಬಂತು. ಮತ್ತೊಮ್ಮೆ ಗುಣಿಸಿದೆ, ಅದೇ ಉತ್ತರ! ಶೇಕಡಾ 2.25ರ ಪ್ರವೇಶಶುಲ್ಕವೆಂದು 4,500 ರೂಪಾಯಿ ಮೊದಲ ದಿನವೇ ಹೋಗಿತ್ತು. ಅರ್ಜಿಯ ಸಣ್ಣ ಅಕ್ಷರಗಳಲ್ಲಿ ಅದು ಇದ್ದೇ ಇತ್ತು. ನಾನು ಓದದೆ ಸಹಿ ಹಾಕಿದ್ದೆ. ಅಮ್ಮನ ಲೆಕ್ಕದಲ್ಲಿ ಅದು ನಲವತ್ತೊಂಬತ್ತು ವರ್ಷಗಳ ಪಿಗ್ಮಿ. ರೂಪಾಯಿಯ ಮೌಲ್ಯ ಬದಲಾಗಿದೆ ಎಂಬುದನ್ನು ಬಲ್ಲೆ. ಆದರೂ ಆ ರಾತ್ರಿ ನಿದ್ರೆ ಹತ್ತಲಿಲ್ಲ.

ಇದು ನನ್ನೊಬ್ಬನ ಪಾಡಾಗಿರಲಿಲ್ಲ. ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ ತನ್ನ ಯು.ಎಸ್.-64 ಯೋಜನೆಯನ್ನು 1964ರಲ್ಲಿ ತಂದ ಬಳಿಕ ದೇಶದ ಮಧ್ಯಮವರ್ಗ ಇಂತಹ ಹೂಡಿಕೆಗೆ ಒಗ್ಗಿಕೊಂಡಿತು. 1993ರಿಂದ ಖಾಸಗಿ ಸಂಸ್ಥೆಗಳೂ ಕಣಕ್ಕಿಳಿದವು. ವಿತರಕರ ಕಮಿಷನ್ನಿನ ಬಹುಭಾಗ ಪ್ರವೇಶಶುಲ್ಕದಿಂದಲೇ ಸಲ್ಲುತ್ತಿತ್ತು. ನೇರವಾಗಿ ಅರ್ಜಿ ಸಲ್ಲಿಸುವವರಿಂದ ಈ ಶುಲ್ಕವನ್ನು ಪಡೆಯಕೂಡದೆಂದು ಸೆಬಿ 2008ರ ಜನವರಿಯಲ್ಲಿ ವಿಧಿಸಿತು. 2009ರ ಆಗಸ್ಟ್ 1ರಿಂದ ಎಲ್ಲರಿಗೂ ಅದನ್ನು ರದ್ದುಪಡಿಸಿತು. ಆದರೂ ವಾರ್ಷಿಕ ವೆಚ್ಚದೊಳಗೆ ಸೇರಿದ್ದ ವಿತರಕರ ಪಾಲು ಹಾಗೆಯೇ ಉಳಿಯಿತು. ಆ ಪಾಲಿಲ್ಲದ 'ಡೈರೆಕ್ಟ್' ಯೋಜನೆಗಳು 2013ರ ಜನವರಿ 1ರಿಂದ ಕಡ್ಡಾಯವಾದವು.

ಈ ಹೋರಾಟವನ್ನು ಅಮೆರಿಕದಲ್ಲಿ ಬಹಳ ಮೊದಲೇ ನಡೆಸಿದವರು ಜಾನ್ ಬೋಗಲ್ (1929-2019). ತಾವು ಮುನ್ನಡೆಸುತ್ತಿದ್ದ ಸಂಸ್ಥೆಯಿಂದ 1974ರಲ್ಲಿ ಹೊರದೂಡಲ್ಪಟ್ಟ ಅವರು ಅದೇ ವರ್ಷ ವ್ಯಾನ್‌ಗಾರ್ಡ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಒಡೆತನ ಅದರ ಫಂಡುಗಳದ್ದೇ, ಎಂದರೆ ಹಣ ಹೂಡಿದವರದ್ದೇ. 1976ರಲ್ಲಿ ಅವರು ಸೂಚ್ಯಂಕವನ್ನು ಅನುಸರಿಸುವ ಫಂಡನ್ನು ಸಾರ್ವಜನಿಕರ ಮುಂದಿಟ್ಟಾಗ 15 ಕೋಟಿ ಡಾಲರಿನ ನಿರೀಕ್ಷೆಯಿದ್ದರೂ ಕೂಡಿದ್ದು 1 ಕೋಟಿ 13 ಲಕ್ಷ ಮಾತ್ರ. ಜನ ಅದನ್ನು 'ಬೋಗಲರ ಹುಚ್ಚಾಟ'ವೆಂದು ನಕ್ಕರು. ಅವರು ಹಿಂಜರಿಯದೆ ಮರುವರ್ಷ ಮಾರಾಟಶುಲ್ಕವನ್ನೇ ಕಿತ್ತುಹಾಕಿದರು. ಅವರ ತರ್ಕ ಸರಳವಾದದ್ದು: ಎಲ್ಲ ಹೂಡಿಕೆದಾರರೂ ಸೇರಿ ಪಡೆಯುವುದು ಮಾರುಕಟ್ಟೆಯ ಸರಾಸರಿ ಲಾಭವನ್ನೇ; ವೆಚ್ಚ ಕಳೆದ ಮೇಲೆ ಅವರ ಒಟ್ಟು ಪಾಲು ಅದಕ್ಕಿಂತ ಕಡಿಮೆಯಾಗಲೇಬೇಕು. ಇದು ವ್ಯವಕಲನ, ನಾಲ್ಕನೆಯ ತರಗತಿಯ ಪಾಠ.

ಕರಿಹಲಗೆಯಿಲ್ಲದಿದ್ದರೂ ಒಂದು ಲೆಕ್ಕ ಮಾಡೋಣ. ಒಂದು ಲಕ್ಷ ರೂಪಾಯಿ ವರ್ಷಕ್ಕೆ ಶೇಕಡಾ 10ರಂತೆ ಬೆಳೆದರೆ ಇಪ್ಪತ್ತೈದು ವರ್ಷಗಳಲ್ಲಿ ಸುಮಾರು 10.83 ಲಕ್ಷವಾಗುತ್ತದೆ. ವೆಚ್ಚದಿಂದ ಬೆಳವಣಿಗೆ ಶೇಕಡಾ 9ಕ್ಕಿಳಿದರೆ 8.62 ಲಕ್ಷ; 8ಕ್ಕಿಳಿದರೆ 6.85 ಲಕ್ಷ. ಚಕ್ರಬಡ್ಡಿ ನಮ್ಮ ಹಣವನ್ನು ಬೆಳೆಸುವಂತೆಯೇ ವೆಚ್ಚದ ನಷ್ಟವನ್ನೂ ಬೆಳೆಸುತ್ತದೆ. ಮೂವತ್ತಾರು ವರ್ಷ ಚಕ್ರಬಡ್ಡಿಯನ್ನು ಕಲಿಸಿದ ನಾನು ಅದರ ಈ ಇನ್ನೊಂದು ಮುಖವನ್ನು ಕಲಿಸಲೇ ಇಲ್ಲ. ಅದಕ್ಕಾಗಿ ಕ್ಷಮೆಯಿರಲಿ.

ಡೈರೆಕ್ಟ್ ಯೋಜನೆ ಬಂದಾಗಲೂ ನಾನು ಒಂದು ವರ್ಷ ಸುಮ್ಮನಿದ್ದೆ. ಹಣದ ಲೆಕ್ಕ ಸುಲಭ, ದಾಕ್ಷಿಣ್ಯದ ಲೆಕ್ಕ ಕಷ್ಟ. ಕೊನೆಗೊಮ್ಮೆ ಆ ವಿದ್ಯಾರ್ಥಿಯನ್ನು ಕರೆದು ಹೇಳಿಯೇಬಿಟ್ಟೆ. ಅವನು ಸ್ವಲ್ಪ ಹೊತ್ತು ಮೌನವಾಗಿದ್ದು, "ಮಾಷ್ಟ್ರೇ, ನಾನೇ ಹೇಳಬೇಕಿತ್ತು. ಹೊಟ್ಟೆಪಾಡು, ಬಾಯಿ ಬರಲಿಲ್ಲ," ಎಂದನು. ಬದಲಾವಣೆಯ ಅರ್ಜಿಯನ್ನು ಅವನೇ ತುಂಬಿಸಿಕೊಟ್ಟು, ಕಾಫಿ ಕುಡಿದು ಹೋದನು. ಇಂದಿಗೂ ಹಬ್ಬಕ್ಕೆ ಬರುತ್ತಾನೆ.

ನೀವು ಕೇಳಬಹುದು, ಸ್ವಂತ ಖರ್ಚಿನ ವಿಷಯವೇನು ಎಂದು. ಅಮ್ಮನ ಕ್ರಮಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ಉಳಿತಾಯ ಮೊದಲು, ಖರ್ಚು ಆಮೇಲೆ. ಮತ್ತು ಖರ್ಚಾದದ್ದನ್ನು ಅಂದೇ ಬರೆದಿಡುವುದು. ನಾನು ಈಗಲೂ ಬರೆಯುತ್ತೇನೆ. ಬರೆಯುವಾಗ ಕೈ ತಡೆದರೆ ಆ ಖರ್ಚು ಅನಗತ್ಯವೆಂದು ತಿಳಿಯುತ್ತೇನೆ.

ನಿಮ್ಮಲ್ಲಿ ಹಲವರು ಈಗ ಮೊಬೈಲಿನಲ್ಲಿಯೇ ಹೂಡಿಕೆ ಮಾಡುತ್ತೀರಿ. ಯೋಜನೆಯ ಹೆಸರಿನಲ್ಲಿ 'ರೆಗ್ಯುಲರ್' ಎಂದಿದೆಯೋ 'ಡೈರೆಕ್ಟ್' ಎಂದಿದೆಯೋ, ವಾರ್ಷಿಕ ವೆಚ್ಚ ಶೇಕಡಾ ಎಷ್ಟೋ, ಒಮ್ಮೆ ನೋಡಿರಿ. ಆರಿಸುವ ಧೈರ್ಯವಿಲ್ಲದವರು ಬಲ್ಲವರ ಸಲಹೆಯನ್ನು ಪಡೆಯುವುದರಲ್ಲಿ ಅವಮಾನವಿಲ್ಲ. ಅದರ ಬೆಲೆಯೆಷ್ಟೆಂದು ಕೇಳಿ ತಿಳಿದು ಕೊಡಿರಿ. ಗುರುವಿನ ಮುಂದಾದರೂ, ಶಿಷ್ಯನ ಮುಂದಾದರೂ, ಕೇಳಲು ಸಂಕೋಚ ಬೇಡ.

ಅಮ್ಮನ ಪುಸ್ತಕಕ್ಕೆ ಹೊಸ ರಟ್ಟು ಹಾಕಿ ಇಟ್ಟಿದ್ದೇನೆ. ಮನೆಗೆ ಬಂದವರು ಕೇಳಿದರೆ ತೋರಿಸುತ್ತೇನೆ.