ಏರಿಯ ಮೇಲಣ ನಡಿಗೆ: ಬಾಶೆಟ್ಟಿಹಳ್ಳಿ ಪರಿಸರದ ಕೆರೆಗಳು

ಕೆರೆಯ ಏರಿಯ ಮೇಲಣ ನಡಿಗೆ ಇಂದು ವಿಹಾರವೆನಿಸಿದೆ. ಬಯಲುಸೀಮೆಯ ಗ್ರಾಮಜೀವನದಲ್ಲಿ ಅದು ಕೆರೆಯನ್ನು ಕಾಯುವ ಕೆಲಸವಾಗಿತ್ತು. ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯ ಆಸುಪಾಸಿನ ಕೆರೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ಜಲಾನಯನ ಪ್ರದೇಶದಲ್ಲಿ, ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಯನ್ನು ಸೇರುವಂತೆ ಸಾಲುಕೆರೆಗಳನ್ನು ಕಟ್ಟಲಾಗಿತ್ತು. ನೀರುಗಂಟಿಯು ಏರಿಯುದ್ದಕ್ಕೂ ನಡೆದು ಹೆಗ್ಗಣದ ಬಿಲ, ಜರಿದ ಕಲ್ಲು, ಬೇರಿಳಿಸಿದ ಗಿಡ, ತೂಬಿನ ಸೋರಿಕೆಗಳನ್ನು ಗಮನಿಸುತ್ತಿದ್ದನು. ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದನು. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಭೂದತ್ತಿಗಳು ಕೆರೆಯ ನಿರ್ಮಾಣ ಹಾಗೂ ಪಾಲನೆಗೆ ಸಂಬಂಧಿಸಿದವು. ಕೆರೆ ತುಂಬಿದಾಗ ಗಂಗಮ್ಮನಿಗೆ ಪೂಜೆ ಸಲ್ಲಿಸಿ ಬಾಗಿನ ಬಿಡುವ ಆಚರಣೆಯು ಈ ಹೊಣೆಯನ್ನು ಊರೊಟ್ಟಿನದಾಗಿಸಿತು. ‘ಕೆರೆಗೆ ಹಾರ’ದ ಭಾಗೀರಥಿಯ ಕಥೆ ಅದರ ಕ್ರೂರ ಬೆಲೆಯನ್ನೂ ನೆನಪಿನಲ್ಲಿ ಉಳಿಸಿದೆ.

ಕೊಳವೆಬಾವಿಗಳು ಬಂದ ಮೇಲೆ ತೂಬಿನ ಅವಲಂಬನೆ ತಗ್ಗಿ, ನೀರುಗಂಟಿಯ ಕಾಯಕವೂ ಕ್ಷೀಣಿಸಿತು. ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶವಾಯಿತು. ಕಾರ್ಖಾನೆಗಳ ತ್ಯಾಜ್ಯ, ಪಟ್ಟಣದ ಒಳಚರಂಡಿ ನೀರು ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳನ್ನು ಸೇರುತ್ತಿರುವುದನ್ನು ವಿರೋಧಿಸಿ ಗ್ರಾಮಸ್ಥರು ಹೋರಾಟಕ್ಕಿಳಿದಿದ್ದಾರೆ. ಸಾಲುಕೆರೆಯಲ್ಲಿ ಒಂದರ ಮಾಲಿನ್ಯ ಅಲ್ಲಿಗೇ ನಿಲ್ಲುವುದಿಲ್ಲ. ಇದೇ ಅರ್ಕಾವತಿಯ ಕೆಳಹರಿವಿನಲ್ಲಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳಿವೆ.

ಕೆರೆಯ ಅಭಿವೃದ್ಧಿಯೆಂದರೆ ಏರಿಯ ಮೇಲೆ ಕಾಲುದಾರಿ, ಕಲ್ಲುಬೆಂಚುಗಳನ್ನು ಒದಗಿಸುವುದಷ್ಟೇ ಅಲ್ಲ. ನೀರುಗಂಟಿ ನಿತ್ಯ ನಿರ್ವಹಿಸುತ್ತಿದ್ದ ಕಾವಲಿನ ಹೊಣೆಯನ್ನು ಇಂದು ಯಾರು ಹೊರಬೇಕೆಂಬುದು ಮೊದಲು ನಿರ್ಧಾರವಾಗಬೇಕು.