ಒಬ್ಬರೇ ಹೊರಟರೆ ಅಂಡಮಾನ್: ಕಡಿಮೆ ಖರ್ಚಿನ ದಾರಿ ಯಾವುದು?

ಅಂಡಮಾನ್ ಎಂದೊಡನೆ ಹಳೆಯ ತಲೆಮಾರಿಗೆ ನೆನಪಾಗುವುದು ಕರಿನೀರಿನ ಶಿಕ್ಷೆ. ಇಂದಿನ ತಲೆಮಾರಿಗೆ ಅದು ನೀಲಿ ಕಡಲು, ಬಿಳಿ ಮರಳು ಹಾಗೂ ಹವಳದ ದಿಬ್ಬಗಳ ನಾಡು. ಬಂಗಾಳ ಕೊಲ್ಲಿಯಲ್ಲಿ, ಚೆನ್ನೈನಿಂದ ಸುಮಾರು 1,190 ಕಿ.ಮೀ. ದೂರದಲ್ಲಿರುವ ಈ ದ್ವೀಪಗಳಿಗೆ ಹೋಗುವವರಲ್ಲಿ ನವದಂಪತಿಗಳು, ಕುಟುಂಬಗಳು ಮತ್ತು ಪ್ಯಾಕೇಜ್ ತಂಡಗಳದ್ದೇ ದೊಡ್ಡ ಪಾಲು. ಒಬ್ಬರೇ, ಅದೂ ಮಿತವಾದ ಹಣ ಇಟ್ಟುಕೊಂಡು ಹೊರಡುವವರಿಗೆ ಈ ಪ್ರವಾಸದ ಲೆಕ್ಕವೇ ಬೇರೆ.

ಕಾರಣ ಸರಳ. ರೈಲು, ವಿಮಾನ ಮತ್ತು ಹಡಗಿನ ಟಿಕೆಟ್ ತಲೆಯ ಲೆಕ್ಕದ್ದು. ಒಬ್ಬರಿದ್ದರೂ ನಾಲ್ವರಿದ್ದರೂ ಪ್ರತಿಯೊಬ್ಬರ ಪಾಲು ಒಂದೇ. ಟ್ಯಾಕ್ಸಿ ಮತ್ತು ಹೋಟೆಲ್ ಕೋಣೆ ಹಾಗಲ್ಲ. ನಾಲ್ವರು ಹಂಚಿಕೊಳ್ಳುವ ಟ್ಯಾಕ್ಸಿ ಬಾಡಿಗೆಯನ್ನು ಒಂಟಿ ಪ್ರವಾಸಿ ಪೂರ್ತಿಯಾಗಿ ತೆರಬೇಕಾಗುತ್ತದೆ. ಅಗ್ಗದ ವಿಮಾನ ಟಿಕೆಟ್ ಹುಡುಕಿ ಉಳಿಸಿದ ಹಣ ದ್ವೀಪದಲ್ಲಿ ಎರಡೇ ದಿನದ ಟ್ಯಾಕ್ಸಿಗೆ ಕರಗಿಹೋಗುವುದು ಹೀಗೆ. ಆದ್ದರಿಂದ ತಲೆಯ ಲೆಕ್ಕದ ಸಾರಿಗೆಯನ್ನು ಎಷ್ಟು ದೂರದವರೆಗೆ ಬಳಸಬಹುದು, ಇಡೀ ವಾಹನದ ಬಾಡಿಗೆ ಎಲ್ಲಿ ಅನಿವಾರ್ಯ ಎಂಬುದನ್ನು ಹೊರಡುವ ಮುನ್ನವೇ ನಿರ್ಧರಿಸಿಕೊಳ್ಳುವುದು ಜಾಣತನ.

ಹೆಸರುಗಳ ಗೊಂದಲ

ಟಿಕೆಟ್ ಕಾಯ್ದಿರಿಸುವ ಮುನ್ನ ಸ್ಥಳನಾಮಗಳ ಬದಲಾವಣೆ ತಿಳಿದಿರಬೇಕು. ರಾಜಧಾನಿ ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಮರುನಾಮಕರಣ ಮಾಡಲಾಯಿತು. ಅದಕ್ಕೂ ಮುನ್ನ, 2018ರ ಡಿಸೆಂಬರ್ 30ರಂದು, ಹ್ಯಾವ್‌ಲಾಕ್ ದ್ವೀಪ ಸ್ವರಾಜ್ ದ್ವೀಪವಾಯಿತು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸರ ಹೆಸರು ಬಂದಿತು. 1943ರ ಅದೇ ದಿನ ನೇತಾಜಿಯವರು ಪೋರ್ಟ್ ಬ್ಲೇರ್‌ನಲ್ಲಿ ತ್ರಿವರ್ಣಧ್ವಜ ಹಾರಿಸಿದ್ದರು. ಹಳೆಯ ಹೆಸರುಗಳು ಜನರ ಮಾತಿನಲ್ಲಿ ಇನ್ನೂ ಉಳಿದಿರುವುದರಿಂದ ಎರಡನ್ನೂ ತಿಳಿದಿರುವುದು ಒಳಿತು.

ಮೊದಲ ಹಂತ: ಚೆನ್ನೈವರೆಗೆ ರೈಲು

ಬೆಂಗಳೂರಿನಿಂದ ಅಂಡಮಾನ್‌ಗೆ ನೇರ ವಿಮಾನ ಸೌಲಭ್ಯವಿದೆ. ಆದರೂ ಚೆನ್ನೈ ದಾರಿಯನ್ನು ಒಮ್ಮೆ ಹೋಲಿಸಿ ನೋಡಬೇಕು. ಅಂಡಮಾನ್‌ಗೆ ಚೆನ್ನೈ ಹಳೆಯ ಹೆಬ್ಬಾಗಿಲು. ಎರಡೂ ಊರುಗಳ ವಿಮಾನ ದರಗಳಲ್ಲಿನ ವ್ಯತ್ಯಾಸವು ಹೋಗಿಬರುವ ರೈಲು ದರಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ರೈಲು ಲಾಭದಾಯಕ. ಇಲ್ಲವಾದರೆ ದಣಿವಷ್ಟೇ ಉಳಿಯುತ್ತದೆ.

ಬೆಂಗಳೂರಿನಿಂದ ಚೆನ್ನೈ ಸೆಂಟ್ರಲ್‌ಗೆ ಸುಮಾರು 360 ಕಿ.ಮೀ. ಬೆಂಗಳೂರು–ಚೆನ್ನೈ ಮೇಲ್ ರಾತ್ರಿ ಹೊರಟು ನಸುಕಿನಲ್ಲಿ ಚೆನ್ನೈ ಸೇರುತ್ತದೆ. ಮೈಸೂರಿನವರಿಗೆ ಕಾವೇರಿ ಎಕ್ಸ್‌ಪ್ರೆಸ್, ಕರಾವಳಿಯವರಿಗೆ ಮಂಗಳೂರು–ಚೆನ್ನೈ ಮೇಲ್ ಉಂಟು. ಹಗಲು ಪ್ರಯಾಣ ಬಯಸುವವರಿಗೆ ಶತಾಬ್ದಿಯ ಜೊತೆಗೆ 2022ರ ನವೆಂಬರ್‌ನಲ್ಲಿ ಆರಂಭವಾದ ವಂದೇ ಭಾರತ್ ಕೂಡ ಇದೆ. ಸ್ಲೀಪರ್ ದರ್ಜೆಯ ರಾತ್ರಿ ರೈಲು ಅಗ್ಗ, ಮೇಲಾಗಿ ಒಂದು ರಾತ್ರಿಯ ಕೋಣೆ ಬಾಡಿಗೆಯನ್ನೂ ಉಳಿಸುತ್ತದೆ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ವಿಮಾನ ಟಿಕೆಟ್ ಅದಕ್ಕೂ ಬಹಳ ಮೊದಲೇ ಸಿಗುವುದರಿಂದ, ವಿಮಾನ ನಿಗದಿಯಾದ ಬಳಿಕ ರೈಲು ಟಿಕೆಟ್‌ಗೆ ದಿನ ಎಣಿಸಿ ಕಾಯಬೇಕು.

ರೈಲು ಮತ್ತು ವಿಮಾನದ ನಡುವಿನ ಕೊಂಡಿ

ಈ ಪ್ರವಾಸದ ಅತ್ಯಂತ ದುರ್ಬಲ ಕೊಂಡಿ ಇದೇ. ರೈಲು ತಡವಾಗಿ ವಿಮಾನ ತಪ್ಪಿದರೆ ವಿಮಾನ ಸಂಸ್ಥೆಗೆ ಯಾವ ಹೊಣೆಯೂ ಇಲ್ಲ. ಎರಡೂ ಪ್ರತ್ಯೇಕ ಟಿಕೆಟ್‌ಗಳು. ಅಂಡಮಾನ್ ವಿಮಾನಗಳಲ್ಲಿ ಬೆಳಗಿನ ವೇಳೆಯವು ಹೆಚ್ಚು. ನಸುಕಿಗೆ ಬರುವ ರೈಲನ್ನು ನಂಬಿ ಬೆಳಗಿನ ಜಾವದ ವಿಮಾನ ಕಾಯ್ದಿರಿಸುವುದು ಜೂಜು. ರೈಲು ತಲುಪುವ ವೇಳೆಗೂ ವಿಮಾನ ಹೊರಡುವ ವೇಳೆಗೂ ಕನಿಷ್ಠ ಐದು ಗಂಟೆಗಳ ಅಂತರವಿರಲಿ. ಅದು ಸಾಧ್ಯವಾಗದಿದ್ದರೆ ಹಿಂದಿನ ಸಂಜೆಯೇ ಚೆನ್ನೈ ಸೇರುವುದು ಕ್ಷೇಮ.

ಸೆಂಟ್ರಲ್‌ನಿಂದ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಹಿಡಿಯುವ ಅಗತ್ಯವಿಲ್ಲ. ಮೆಟ್ರೋ ರೈಲು ಸೆಂಟ್ರಲ್‌ನಿಂದ ವಿಮಾನ ನಿಲ್ದಾಣದವರೆಗೂ ಹೋಗುತ್ತದೆ. ಇನ್ನೂ ಅಗ್ಗವಾಗಬೇಕಾದರೆ ಸೆಂಟ್ರಲ್ ಎದುರಿನ ಪಾರ್ಕ್ ನಿಲ್ದಾಣದಿಂದ ಉಪನಗರ ರೈಲಿನಲ್ಲಿ ತಿರುಸೂಲಂಗೆ ಹೋಗಬಹುದು. ವಿಮಾನ ನಿಲ್ದಾಣವಿರುವುದು ಅದರ ಎದುರಿನಲ್ಲೇ. ಅಪರಾತ್ರಿಯಲ್ಲಿ ಮಾತ್ರ ಟ್ಯಾಕ್ಸಿಯೇ ಗತಿ.

ಎರಡನೇ ಹಂತ: ವಿಮಾನ

ಚೆನ್ನೈನಿಂದ ಶ್ರೀ ವಿಜಯಪುರಕ್ಕೆ ಸುಮಾರು ಎರಡೂಕಾಲು ಗಂಟೆಯ ಹಾರಾಟ. ಅಲ್ಲಿನ ವೀರ ಸಾವರ್ಕರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಹೊಸ ಟರ್ಮಿನಲ್ 2023ರ ಜುಲೈನಲ್ಲಿ ಉದ್ಘಾಟನೆಯಾಯಿತು. ಡಿಸೆಂಬರ್ ಕೊನೆಯ ವಾರ ಮತ್ತು ಶಾಲಾ ರಜೆಗಳಲ್ಲಿ ದರ ಗಗನಕ್ಕೇರುತ್ತದೆ. ಜನವರಿ ಮಧ್ಯದಿಂದ ಮಾರ್ಚ್‌ವರೆಗಿನ ವಾರದ ನಡುವಿನ ದಿನಗಳಲ್ಲಿ ಹುಡುಕಿದರೆ ಹವೆಯೂ ಹಿತ, ದರವೂ ಹಗುರವಾಗಿರುವ ಸಾಧ್ಯತೆ ಹೆಚ್ಚು.

ಚೆನ್ನೈ, ಕೋಲ್ಕತ್ತ ಮತ್ತು ವಿಶಾಖಪಟ್ಟಣದಿಂದ ಸರ್ಕಾರಿ ಪ್ರಯಾಣಿಕ ಹಡಗುಗಳೂ ಉಂಟು. ಕೆಳದರ್ಜೆಯ ಬಂಕ್ ಟಿಕೆಟ್ ಅಗ್ಗ. ಆದರೆ ಪ್ರಯಾಣಕ್ಕೆ ಸುಮಾರು ಮೂರು ದಿನ ಬೇಕು, ಹಡಗುಗಳು ದಿನವೂ ಹೊರಡುವುದಿಲ್ಲ. ರಜೆಯ ದಿನಗಳನ್ನು ಎಣಿಸಿ ಹೊರಡುವ ನೌಕರರಿಗೆ ಇದು ಒದಗುವಂಥದಲ್ಲ.

ಮೂರನೇ ಹಂತ: ಟ್ಯಾಕ್ಸಿ ಎಲ್ಲಿ ಬೇಕು, ಎಲ್ಲಿ ಬೇಡ?

ವಿಮಾನ ನಿಲ್ದಾಣದಿಂದ ನಗರದ ಹೃದಯಭಾಗವಾದ ಅಬರ್ಡೀನ್ ಬಜಾರ್ ಮೂರ್ನಾಲ್ಕು ಕಿ.ಮೀ. ಅಷ್ಟೇ. ಇಲ್ಲಿಗೆ ಟ್ಯಾಕ್ಸಿಗಿಂತ ಆಟೋ ಸಾಕು. ಅಬರ್ಡೀನ್ ಬಜಾರ್ ಸುತ್ತಮುತ್ತ ತಂಗಿದರೆ ಬಸ್ ನಿಲ್ದಾಣ, ಸೆಲ್ಯುಲಾರ್ ಜೈಲು, ರಾಸ್ ದ್ವೀಪದ ದೋಣಿಕಟ್ಟೆ ಎಲ್ಲವೂ ನಡಿಗೆಯ ಅಥವಾ ಕಿರು ಆಟೋ ಪ್ರಯಾಣದ ದೂರದಲ್ಲಿರುತ್ತವೆ. ಹೀಗಾಗಿ ಊರ ಹೊರಗಿನ ಅಗ್ಗದ ಕೋಣೆ ಕೊನೆಗೆ ದುಬಾರಿಯಾಗುವುದುಂಟು. ಕೋಣೆಯ ಬದಲು ಹಾಸಿಗೆಯ ಲೆಕ್ಕದಲ್ಲಿ ಬಾಡಿಗೆ ಪಡೆಯುವ ಹಾಸ್ಟೆಲ್‌ಗಳು ಒಂಟಿ ಪ್ರವಾಸಿಗರಿಗೆ ಇನ್ನಷ್ಟು ಅನುಕೂಲ. ಟ್ಯಾಕ್ಸಿ ಹಂಚಿಕೊಳ್ಳಲು ಜೊತೆಗಾರರು ಸಿಗುವುದೂ ಅಲ್ಲಿಯೇ.

ಸೂರ್ಯಾಸ್ತಕ್ಕೆ ಹೆಸರಾದ ಚಿಡಿಯಾಟಾಪು ಮತ್ತು ವಂಡೂರ್ ಎರಡೂ ನಗರದಿಂದ ಸುಮಾರು 25ರಿಂದ 30 ಕಿ.ಮೀ. ದೂರದಲ್ಲಿವೆ. ಎರಡಕ್ಕೂ ಬಸ್ ಇದೆ. ವಂಡೂರ್‌ನಿಂದಲೇ 1983ರಲ್ಲಿ ರಚನೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ದೋಣಿಗಳು ಹೊರಡುತ್ತವೆ. ಚಿಡಿಯಾಟಾಪುವಿನಲ್ಲಿ ಸೂರ್ಯಾಸ್ತ ನೋಡಿ ಮರಳುವವರು ಮಾತ್ರ ಕೊನೆಯ ಬಸ್ಸಿನ ವೇಳೆಯನ್ನು ಮೊದಲೇ ವಿಚಾರಿಸಬೇಕು. ಅಂಡಮಾನ್ ಪೂರ್ವಕ್ಕಿದ್ದರೂ ಗಡಿಯಾರ ಭಾರತೀಯ ಕಾಲಮಾನದ್ದೇ. ಬೆಳಗಿನ ಐದರ ಸುಮಾರಿಗೆ ಬೆಳಕಾಗಿ ಸಂಜೆ ಐದೂವರೆಯ ಸುಮಾರಿಗೆ ಕತ್ತಲು ಕವಿಯುತ್ತದೆ. ಮರಳುವಾಗ ಬಸ್ ಇರದಿದ್ದರೆ ಟ್ಯಾಕ್ಸಿಗೆ ಹಣ ಕೊಡಲು ಹಿಂದೆಮುಂದೆ ನೋಡಬಾರದು. ಮಹಿಳಾ ಪ್ರವಾಸಿಗರಿಗೆ ಈ ಮಾತು ಹೆಚ್ಚು ಅನ್ವಯ.

ಸ್ವರಾಜ್ ದ್ವೀಪಕ್ಕೆ ಫೀನಿಕ್ಸ್ ಬೇ ದೋಣಿಕಟ್ಟೆಯಿಂದ ಸರ್ಕಾರಿ ಹಡಗಿನಲ್ಲಿ ಎರಡೂವರೆ ಗಂಟೆಯ ಆಸುಪಾಸಿನ ಪ್ರಯಾಣ. ಖಾಸಗಿ ವೇಗನೌಕೆಗಳಿಗೆ ಹೋಲಿಸಿದರೆ ದರ ಬಹಳ ಕಡಿಮೆ. ಆದರೆ ಸ್ಥಳೀಯರೂ ಇದನ್ನೇ ನೆಚ್ಚಿರುವುದರಿಂದ ಟಿಕೆಟ್ ಬೇಗ ಮುಗಿಯುತ್ತದೆ. ‘ಟೈಮ್’ ನಿಯತಕಾಲಿಕ 2004ರಲ್ಲಿ ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಹೊಗಳಿದ ರಾಧಾನಗರ ತೀರ ಈ ದ್ವೀಪದಲ್ಲಿದೆ. ದೋಣಿಕಟ್ಟೆಯಿಂದ ಅಲ್ಲಿಗೆ ಸುಮಾರು 12 ಕಿ.ಮೀ. ಬಸ್ ಇದೆ, ಬಾಡಿಗೆ ಸ್ಕೂಟರ್ ಸಿಗುತ್ತದೆ. ಸ್ಕೂಟರ್‌ಗೆ ಚಾಲನಾ ಪರವಾನಗಿ ಜೊತೆಯಲ್ಲಿರಬೇಕು. ಭರತಪುರ, ಲಕ್ಷ್ಮಣಪುರ, ಸೀತಾಪುರ ಎಂದು ರಾಮಾಯಣದ ಹೆಸರುಗಳನ್ನೇ ಹೊತ್ತ ಊರುಗಳ ಶಹೀದ್ ದ್ವೀಪವಂತೂ ಸೈಕಲ್‌ನಲ್ಲೇ ಸುತ್ತಬಹುದಾದಷ್ಟು ಚಿಕ್ಕದು.

ಕಡಲು ಮುನಿದರೆ

ಒಂಟಿ ಪ್ರವಾಸಿಯ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಬಲ್ಲದ್ದು ಹವಾಮಾನ. ದ್ವೀಪಗಳ ನಡುವಿನ ಹಡಗುಗಳು ಗಾಳಿ ಜೋರಾದರೆ ರದ್ದಾಗುತ್ತವೆ. 2016ರ ಡಿಸೆಂಬರ್‌ನಲ್ಲಿ ವಾಯುಭಾರ ಕುಸಿತದಿಂದಾಗಿ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಲುಕಿದ್ದರು. ಅವರನ್ನು ಕರೆತರಲು ನೌಕಾಪಡೆಯ ಹಡಗುಗಳು ಹೋಗಬೇಕಾಯಿತು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು, ಬಳಿಕ ವರ್ಷದ ಕೊನೆಯವರೆಗೂ ಚಂಡಮಾರುತದ ಭೀತಿ ಇಲ್ಲಿ ಇದ್ದದ್ದೇ.

ಇದಕ್ಕೆ ಪರಿಹಾರ ಪ್ರವಾಸದ ಕ್ರಮದಲ್ಲಿಯೇ ಇದೆ. ಇಳಿದ ಮರುದಿನವೇ ಸ್ವರಾಜ್ ಮತ್ತು ಶಹೀದ್ ದ್ವೀಪಗಳಿಗೆ ಹೋಗಿ, ಮರಳುವ ವಿಮಾನಕ್ಕೆ ಒಂದು ಪೂರ್ತಿ ದಿನವಿರುವಂತೆ ರಾಜಧಾನಿಗೆ ಹಿಂದಿರುಗಬೇಕು. ಸೆಲ್ಯುಲಾರ್ ಜೈಲು ಮತ್ತು ರಾಸ್ ದ್ವೀಪವನ್ನು ಆ ಕೊನೆಯ ದಿನಕ್ಕೆ ಉಳಿಸಿಕೊಳ್ಳಬೇಕು. 1896ರಿಂದ 1906ರ ನಡುವೆ ನಿರ್ಮಾಣವಾದ ಜೈಲಿನ ಏಳು ಭುಜಗಳಲ್ಲಿ ಇಂದು ಮೂರು ಮಾತ್ರ ಉಳಿದಿವೆ. 1979ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಲಾಯಿತು. ಹಡಗು ರದ್ದಾದರೆ ಕಳೆದುಹೋಗುವುದು ಈ ಒಂದು ದಿನ ಮಾತ್ರ, ವಿಮಾನದ ಟಿಕೆಟ್ ಅಲ್ಲ.

ಕಾನೂನು ಮತ್ತು ಎಚ್ಚರ

ಪ್ರಮುಖ ಪ್ರವಾಸಿ ದ್ವೀಪಗಳಿಗೆ ಭಾರತೀಯರಿಗೆ ವಿಶೇಷ ಪರವಾನಗಿ ಬೇಡ, ಭಾವಚಿತ್ರವಿರುವ ಗುರುತಿನ ಚೀಟಿ ಸಾಕು. ಬುಡಕಟ್ಟು ಮೀಸಲು ಪ್ರದೇಶಗಳು ಮತ್ತು ನಿಕೋಬಾರ್‌ಗೆ ಈ ಮಾತು ಅನ್ವಯಿಸದು. ಸುಣ್ಣದ ಕಲ್ಲಿನ ಗುಹೆಗಳಿರುವ ಬಾರಾಟಾಂಗ್‌ಗೆ ಹೋಗುವ ರಸ್ತೆ ಜರವಾ ಜನರ ಮೀಸಲು ಅರಣ್ಯದ ನಡುವೆ ಸಾಗುತ್ತದೆ. ವಾಹನಗಳನ್ನು ಗುಂಪಾಗಿ, ಪೊಲೀಸ್ ಕಾವಲಿನಲ್ಲಿ ಬಿಡಲಾಗುತ್ತದೆ. ಇಲ್ಲಿ ವಾಹನ ನಿಲ್ಲಿಸುವುದು, ಫೋಟೊ ತೆಗೆಯುವುದು, ತಿನಿಸು ಕೊಡುವುದು ನಿಷಿದ್ಧ. ಪ್ರವಾಸಿಗರ ಎದುರು ಜರವಾ ಮಹಿಳೆಯರನ್ನು ಕುಣಿಸಿದ ದೃಶ್ಯ 2012ರಲ್ಲಿ ಬಹಿರಂಗವಾದಾಗ ದೇಶವೇ ತಲೆತಗ್ಗಿಸಿತ್ತು. ಹವಳ ಹೆಕ್ಕಿ ತರುವುದೂ ಅಪರಾಧ.

ಒಬ್ಬರೇ ಇರುವಾಗ ಕಡಲಿಗಿಳಿಯುವ ಮುನ್ನ ಎಚ್ಚರಿಕೆಯ ಫಲಕಗಳನ್ನು ಓದಲೇಬೇಕು. ಈ ದ್ವೀಪಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲಿ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದರು. ಚೆನ್ನೈನಿಂದ ಕಡಲಡಿಯಲ್ಲಿ ಹಾಕಿದ ಕೇಬಲ್ 2020ರ ಆಗಸ್ಟ್‌ನಲ್ಲಿ ಬಳಕೆಗೆ ಬಂದ ಬಳಿಕ ಮೊಬೈಲ್ ಸಂಪರ್ಕ ಸುಧಾರಿಸಿದೆ. ಆದರೂ ಹೊರದ್ವೀಪಗಳಿಗೆ ಹೋಗುವಾಗ ಕೈಯಲ್ಲಿ ನಗದಿರಲಿ, ತಂಗುವ ಸ್ಥಳ ಮತ್ತು ಹಡಗಿನ ವೇಳೆ ಮನೆಯವರಿಗೆ ತಿಳಿದಿರಲಿ.

ಕೊನೆಗೆ ಕಾಯ್ದಿರಿಸುವ ಕ್ರಮ ಹೀಗಿರಲಿ: ಮೊದಲು ಹೋಗಿಬರುವ ವಿಮಾನ, ಅದಕ್ಕೆ ಹೊಂದುವಂತೆ ರೈಲು, ಆಮೇಲೆ ದ್ವೀಪಗಳ ಹಡಗು, ಕಡೆಯಲ್ಲಿ ಕೋಣೆ. ಟ್ಯಾಕ್ಸಿಯನ್ನು ಊರಿನಿಂದಲೇ ಗೊತ್ತುಮಾಡುವ ಅಗತ್ಯವಿಲ್ಲ. ಅದಕ್ಕಾಗಿ ಎತ್ತಿಟ್ಟ ಹಣ ಹಾಗೆಯೇ ಉಳಿದರೆ ಸಂತೋಷ. ಹಡಗು ರದ್ದಾದ ದಿನ, ಬಸ್ ತಪ್ಪಿದ ರಾತ್ರಿ ಆಪತ್ತಿಗೆ ಒದಗುವುದು ಆ ಹಣವೇ.